ಒಳಗಿನವಳ ಮೂಗು

ಕಿರ್ರ್ ಎಂದು ಕೆಳಗಿನ ಅಂಗಡಿಯಲ್ಲಿ ಕೀಲಿಕೈ ಕೊರೆಯುವ ಯಂತ್ರ ಶುರುವಾಯಿತೆಂದರೆ ನಮ್ಮ ಮನೆಯಲ್ಲಿ ಬೆಳಗಾಯಿತೆಂದು ಅರ್ಥ. ಹಿತ್ತಾಳೆಯನ್ನು ಉಕ್ಕು ಕಚ್ಚುವ ಆ ಸದ್ದು ಮೆಟ್ಟಿಲು ಹತ್ತಿ ಬಂದು, ಅಡುಗೆಮನೆಯ ಲೋಟಗಳನ್ನು ಸಣ್ಣಗೆ ನಡುಗಿಸಿ, ಕೊನೆಗೆ ನನ್ನ ಹಲ್ಲಿನ ಬುಡದಲ್ಲಿ ನಿಲ್ಲುತ್ತದೆ. ಯಂತ್ರದ ಒಡೆಯರು ನನ್ನ ಗಂಡ. ಊರಿನ ಅರ್ಧ ಬಾಗಿಲುಗಳು ಅವರ ಮಾತು ಕೇಳುತ್ತವೆ.

ಆ ದಿನ ಆ ಸದ್ದು ಕಿವಿಗೆ ಬೀಳುತ್ತಲೇ ನಾನು ಹಾಸಿಗೆಯ ಮೇಲೆ ಎದ್ದು ಕೂತು, ಗೋಡೆಗೆ ಕೇಳುವಂತೆ ಶಪಥ ಮಾಡಿದೆ.

"ಇವತ್ತಿನಿಂದ ನಾನು ಒಬ್ಬಳೇ."

ಗೋಡೆಯ ಆಚೆ ಕಾಫಿ ಸೋಸುತ್ತಿದ್ದ ಅತ್ತೆಯ ಕೈ ನಿಂತಿತು. "ಯಾಕಮ್ಮ, ನಾವೇನು ಮಾಡಿದ್ವಿ?"

"ಅಯ್ಯೋ, ನಿಮ್ಮನ್ನಲ್ಲ ಅತ್ತೆ. ನನ್ನನ್ನೇ ಹೇಳ್ಕೊಂಡೆ."

"ನಿನ್ನನ್ನೇ ಬಿಟ್ಟು ಹೋಗ್ತೀಯಾ? ಹೋಗೋ ಮುಂಚೆ ಕಾಫಿ ಕುಡಿ, ಆರಿಹೋಗುತ್ತೆ."

ಶಪಥದ ಹಿನ್ನೆಲೆಯನ್ನು ಹೇಳಿಬಿಡುತ್ತೇನೆ. ನಾನು ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸುತ್ತೇನೆ. ತರಗತಿಯಲ್ಲಿ ಹನ್ನೊಂದು ಮಕ್ಕಳಿದ್ದಾರೆ. ಅವರಲ್ಲಿ ನಾಲ್ವರು ಬೇರೆ ವಿಷಯ ಸಿಗದೆ ಬಂದವರು, ಒಬ್ಬ ಕಿಟಕಿಯ ಪಕ್ಕದ ಜಾಗಕ್ಕಾಗಿ ಬಂದವನು. ಆದರೆ ಫೋನಿನೊಳಗೆ ನನಗೆ ಹತ್ತೊಂಬತ್ತು ಸಾವಿರ ಜನರಿದ್ದಾರೆ. ಅಲ್ಲಿ ನನ್ನ ಹೆಸರು 'ಒಳಗಿನವಳು'. ಆರು ವರ್ಷಗಳಿಂದ ವಾರಕ್ಕೆರಡು ಸಲ ನನ್ನದೊಂದು ಫೋಟೋ ಹಾಕಿ, ಅದರ ಕೆಳಗೆ ಮನಸ್ಸಿನ ಬಗ್ಗೆ ನಾಲ್ಕು ಸಾಲು ಬರೆಯುತ್ತೇನೆ. ಮುಖವಾಡ ಕಳಚಿ, ನೀವು ನೀವಾಗಿರಿ, ಕನ್ನಡಿಗೆ ಹೆದರಬೇಡಿ, ಹೀಗೆ. ಜನ ಓದಿ ಕಣ್ಣೀರಿಡುತ್ತಾರೆ. ನಾನು ಆ ಕಣ್ಣೀರನ್ನು ಎಣಿಸುತ್ತಾ ಅಡುಗೆಮನೆಯಿಂದ ನಡುಮನೆಗೆ, ನಡುಮನೆಯಿಂದ ಅಡುಗೆಮನೆಗೆ ಓಡಾಡುತ್ತೇನೆ.

ಈ ಹತ್ತೊಂಬತ್ತು ಸಾವಿರದ ಸುದ್ದಿ ಪ್ರಾಂಶುಪಾಲರ ಕಿವಿಗೆ ಹೋಯಿತು. ಕರೆಸಿದರು.

"ನೋಡಿ ಮೇಡಂ, ಹನ್ನೊಂದು ಮಕ್ಕಳಿಗೋಸ್ಕರ ಒಂದು ವಿಭಾಗ ಇಟ್ಕೊಳ್ಳೋಕೆ ಮೇಲಿನವರು ಒಪ್ಪಲ್ಲ. ನೀವೊಂದು ಭಾಷಣ ಮಾಡಿ. ಆನ್‌ಲೈನಲ್ಲಿ ನಾವು ನಾವಾಗಿರೋದು ಹೇಗೆ ಅಂತ. ಅದು ನಿಮ್ಮ ಆ ಖಾತೆಯಿಂದಲೇ ನೇರ ಪ್ರಸಾರ ಆಗಲಿ. ಸಭಾಂಗಣದ ಪರದೆ ಮೇಲೂ ಬರಲಿ. ಮಕ್ಕಳು ನೋಡ್ತಾರೆ, ಸೇರ್ತಾರೆ. ವಿಭಾಗ ಉಳಿಯುತ್ತೆ."

"ಉಳೀದಿದ್ರೆ ಸರ್?"

"ಗ್ರಂಥಾಲಯದಲ್ಲಿ ಒಂದು ಕುರ್ಚಿ ಖಾಲಿ ಇದೆ."

ಭಾಷಣ ಅಂದು ಮಧ್ಯಾಹ್ನ ಎರಡು ಗಂಟೆಗೆ. ಅದಕ್ಕೇ ಶಪಥ. ಇನ್ನೊಬ್ಬರಿಗೆ ಒಂದಾಗಿರಿ ಎನ್ನುವವಳು ಮೊದಲು ತಾನು ಒಂದಾಗಬೇಡವೇ? ಖಾತೆಯ ಒಳಹೊಕ್ಕು ನೋಡಿದರೆ ನಾನು ಆರು ಕಡೆ ಚೆದುರಿ ಬಿದ್ದಿದ್ದೆ. ನನ್ನ ಫೋನಿನಲ್ಲಿ ಒಬ್ಬಳು, ಗಂಡನ ಫೋನಿನಲ್ಲಿ ಒಬ್ಬಳು, ತಂಗಿಯ ಫೋನಿನಲ್ಲಿ ಒಬ್ಬಳು, ಕಾಲೇಜಿನ ಕಂಪ್ಯೂಟರಿನಲ್ಲಿ ಒಬ್ಬಳು, ಪರದೆ ಒಡೆದು ಕಪಾಟು ಸೇರಿದ ಹಳೆಯ ಫೋನಿನಲ್ಲಿ ಒಬ್ಬಳು. ಆರನೆಯವಳು 'ಗೊತ್ತಿಲ್ಲದ ಸಾಧನ'ದಲ್ಲಿದ್ದಳು. ಅವಳು ಯಾರೆಂದು ಯೋಚಿಸಿದರೆ ಮೈ ಜುಮ್ಮೆನ್ನುತ್ತಿತ್ತು. 'ಎಲ್ಲ ಕಡೆಗಳಿಂದಲೂ ಹೊರಬನ್ನಿ' ಎಂಬ ಗುಂಡಿ ಕಂಡಿತು. ವೈರಾಗ್ಯದ ಆ ಘಳಿಗೆಯಲ್ಲಿ ಒತ್ತಿಬಿಟ್ಟೆ.

ಅದು ನನ್ನ ಮಾತನ್ನು ಅಕ್ಷರಶಃ ತೆಗೆದುಕೊಂಡಿತು. ನಾನು ಎಲ್ಲ ಕಡೆಗಳಿಂದಲೂ ಹೊರಬಂದೆ. ನನ್ನ ಕೈಯಲ್ಲೇ ಇದ್ದ ಫೋನಿನಿಂದಲೂ.

ಮತ್ತೆ ಒಳಗೆ ಹೋಗಲು ಪಾಸ್‌ವರ್ಡ್ ಕೇಳಿತು. ಎಂದೋ ಬರೆದು ಮರೆತೇಹೋಗಿದ್ದ ಪಾಸ್‌ವರ್ಡ್. ಹಳೆಯ ನಂಬರಿಗೆ ಸಂಕೇತ ಕಳಿಸುತ್ತೇನೆ ಎಂದಿತು. ಆ ನಂಬರನ್ನು ನಾನು ಬಿಟ್ಟು ನಾಲ್ಕು ವರ್ಷವಾಗಿದೆ. ಹಾಗಾದರೆ ನೀವೇ ಆರಿಸಿಕೊಂಡ ಗುಟ್ಟಿನ ಪ್ರಶ್ನೆಗೆ ಉತ್ತರಿಸಿ, ಐದು ಅವಕಾಶಗಳಿವೆ ಎಂದಿತು. ಸರಿ, ಹುಟ್ಟಿದ ಊರೋ ಮೊದಲ ಶಾಲೆಯೋ ಇರಬೇಕೆಂದು ಸಮಾಧಾನವಾಗಿ ಮುಂದೆ ಹೋದೆ.

ಪರದೆಯ ಮೇಲೆ ಪ್ರಶ್ನೆ ಮೂಡಿತು: 'ನಾನು ಯಾರು?'

ನೆನಪಾಯಿತು. ಖಾತೆ ತೆರೆದಾಗ ನನಗೆ ಇಪ್ಪತ್ತೊಂದು. ಎಂ.ಎ. ಮೊದಲ ವರ್ಷ. ಜಗತ್ತಿನ ಬೇರೆಲ್ಲರೂ ತಮ್ಮ ಬೆಕ್ಕಿನ ಹೆಸರನ್ನು ಗುಟ್ಟಿನ ಪ್ರಶ್ನೆಯಾಗಿ ಇಟ್ಟುಕೊಳ್ಳುವಾಗ, ನಾನು 'ನಿಮ್ಮದೇ ಪ್ರಶ್ನೆ ಬರೆಯಿರಿ' ಎಂಬಲ್ಲಿ ಇದನ್ನು ಬರೆದಿದ್ದೆ. ಆ ಹುಡುಗಿಗೆ ಅದಕ್ಕೆ ಉತ್ತರವೂ ಗೊತ್ತಿತ್ತು. ಅದೇ ನನಗೆ ದಿಗಿಲು ಹುಟ್ಟಿಸಿದ್ದು.

ಹನ್ನೊಂದೂವರೆಗೆ ಗಂಡ ಅಂಗಡಿಯ ಷಟರನ್ನು ಅರ್ಧ ಎಳೆದು ಮೇಲೆ ಬಂದರು. ನಾನು ಆಗಲೇ ಎರಡು ಅವಕಾಶ ಕಳೆದಿದ್ದೆ. 'ಆತ್ಮ' ಎಂದಿದ್ದೆ, ತಪ್ಪು. 'ಯಾರೂ ಅಲ್ಲ' ಎಂದಿದ್ದೆ, ಅದೂ ತಪ್ಪು.

"ಹೆಸರು ಹಾಕಬಾರದಾ?" ಅತ್ತೆ ಕೇಳಿದರು.

"ಅತ್ತೆ, ಹೆಸರು ನಾನಲ್ಲ. ಹೆಸರು ನನಗೆ ಬೇರೆಯವರು ಇಟ್ಟಿದ್ದು."

"ಮತ್ತೆ ಕರೆದ್ರೆ ಯಾಕೆ ತಿರುಗಿ ನೋಡ್ತೀಯ?"

ಇದಕ್ಕೆ ತತ್ತ್ವಶಾಸ್ತ್ರದಲ್ಲಿ ಉತ್ತರವಿದೆ. ಆದರೆ ಅದು ಎರಡು ತರಗತಿಗಳಷ್ಟು ಉದ್ದ. ಹೆಸರು ಹಾಕಿದೆ. ತಪ್ಪು. ಮೂರು ಹೋಯಿತು.

"ಫೋನ್ ಇಲ್ಲಿ ಕೊಡು," ಎಂದು ಗಂಡ ನನ್ನೆದುರು ಕೂತರು. ಅವರ ಮುಖದಲ್ಲಿ ಅಂಗಡಿಯ ಗಾಂಭೀರ್ಯ ಬಂದಿತ್ತು. ಅವರ ಕಸುಬಿನಲ್ಲೊಂದು ಪದ್ಧತಿಯಿದೆ. ಕೀ ಕಳೆದುಕೊಂಡೆ, ಬಂದು ಬೀಗ ತೆಗೆದುಕೊಡಿ ಎಂದು ಯಾರೇ ಕರೆದರೂ, ಅವರು ಬಾಗಿಲ ಹೊರಗೆ ನಿಂತು ಒಂದೇ ಪ್ರಶ್ನೆ ಕೇಳುತ್ತಾರೆ: ಒಳಗೆ ಏನು ಕೆಟ್ಟಿದೆ? ಬಚ್ಚಲ ನಲ್ಲಿ ಸೋರುತ್ತೆ, ಮಂಚದ ಒಂದು ಕಾಲಿಗೆ ಇಟ್ಟಿಗೆ ಕೊಟ್ಟಿದ್ದೀವಿ, ಎರಡನೇ ಡ್ರಾಯರ್ ಎಳೆದರೆ ಕೈಗೇ ಬರುತ್ತೆ ಎಂದು ತಡವರಿಸದೆ ಹೇಳಿದರೆ ಬೀಗ ತೆಗೆಯುತ್ತಾರೆ. ಒಳಗಿರುವ ಬೆಲೆಬಾಳುವುದನ್ನು ಕಳ್ಳನೂ ಹೇಳಬಲ್ಲ, ಕೆಟ್ಟಿರುವುದನ್ನು ಮನೆಯವರು ಮಾತ್ರ ಹೇಳಬಲ್ಲರು ಎನ್ನುವುದು ಅವರ ಲೆಕ್ಕ. ಹದಿನೈದು ವರ್ಷಗಳಲ್ಲಿ ಒಮ್ಮೆಯೂ ತಪ್ಪಿಲ್ಲ.

"ಈಗ ಹೇಳು. ಇಪ್ಪತ್ತೊಂದನೇ ವಯಸ್ಸಲ್ಲಿ ನಿನ್ನೊಳಗೆ ಏನು ಕೆಟ್ಟಿತ್ತು?"

"ರೀ, ನಾನೇನು ಮಂಚವೇ?"

"ಎರಡು ಗಂಟೆಗೆ ಭಾಷಣ."

"ಏನೂ ಕೆಟ್ಟಿರಲಿಲ್ಲ. ಚೆನ್ನಾಗೇ ಇದ್ದೆ."

"ನೋಡು, ನೀನು ಗಿರಾಕಿಯಾಗಿದ್ದಿದ್ರೆ ಇಷ್ಟೊತ್ತಿಗೆ ನಾನು ಪೊಲೀಸರಿಗೆ ಫೋನ್ ಮಾಡ್ತಿದ್ದೆ," ಎಂದರು. ಆಮೇಲೆ ತಾವಾಗಿಯೇ ನನ್ನ ತಂಗಿಗೆ ಫೋನ್ ಮಾಡಿದರು.

ತಂಗಿ ಎರಡು ಬೀದಿ ಆಚೆ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಬಂದವರ ಮುಖ ಅಳೆದು, ಮೂಗಿಗೆ ತಕ್ಕ ಫ್ರೇಮು ಕೂರಿಸುವುದು ಅವಳ ಕೆಲಸ. ಒಂದು ಗಂಟೆ ರಜೆ ಹೇಳಿ ಓಡಿಬಂದಳು. ವಿಷಯ ಕೇಳಿ ಬಾಗಿಲಲ್ಲೇ ನಕ್ಕಳು.

"ಭಾವ, ಆಗ ಅಕ್ಕ ಕವಿತೆ ಬರೀತಿದ್ಲು. ಪ್ರತಿಯೊಂದರ ಕೆಳಗೂ 'ಹೆಸರಿಲ್ಲದ ನದಿ' ಅಂತ ಸಹಿ. ಹಾಲಿನವರ ಚೀಟಿಗೂ ಒಂದ್ಸಲ ಅದನ್ನೇ ಹಾಕಿದ್ಲು. ಅವರು ಎರಡು ದಿನ ಹಾಲು ಹಾಕ್ಲಿಲ್ಲ."

"ಇದಪ್ಪ ಕೆಟ್ಟ ಮಂಚ," ಎಂದು ಗಂಡ ಸಂಭ್ರಮದಿಂದ 'ಹೆಸರಿಲ್ಲದ ನದಿ' ಎಂದು ಬರೆದರು. ತಪ್ಪು. ಇನ್ನೊಂದೇ ಅವಕಾಶ. ನಾನು ಎದ್ದು ಕಿಟಕಿಗೆ ಹೋದೆ, ಬಂದೆ, ಮತ್ತೆ ಹೋದೆ. ಎದುರಿನ ಮಹಡಿಯಲ್ಲಿ ಒಗೆದ ಬಟ್ಟೆಗಳು ಒಳಗೆ ಯಾರೂ ಇಲ್ಲದೆಯೇ ಗಾಳಿಗೆ ಕೈ ಬೀಸುತ್ತಿದ್ದವು. ಅವನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಕೊನೆಯ ಅವಕಾಶಕ್ಕೆ 'ಗೊತ್ತಿಲ್ಲ' ಎಂದು ಬರೆದೆ. ಆರು ವರ್ಷಗಳಲ್ಲಿ ನಾನು ಆ ಖಾತೆಗೆ ಹೇಳಿದ ಮೊದಲ ನಿಜ. ಅದನ್ನೂ ತಿರಸ್ಕರಿಸಿತು.

"ಸರಿಯಾದ ಉತ್ತರ ಏನಂತೆ?" ಅತ್ತೆ ವಿಚಾರಿಸಿದರು.

"ಅದು ಹೇಳಲ್ಲ ಅತ್ತೆ."

"ಇದೊಳ್ಳೆ ಕಥೆ. ನೀನು ಯಾರು ಅಂತ ಅದಕ್ಕೆ ಗೊತ್ತು, ನಿನಗೆ ಹೇಳಲ್ವಾ?"

ಕೊನೆಗೆ ಫೋನು ಕನಿಕರಪಟ್ಟು ಇನ್ನೊಂದು ದಾರಿ ತೋರಿಸಿತು. ವೃತ್ತದೊಳಗೆ ಮುಖವಿಟ್ಟು ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ಕಣ್ಣು ಮಿಟುಕಿಸಿ. ಖಾತೆಯ ಫೋಟೋಗಳ ಜೊತೆ ಹೋಲಿಸಿ ನೋಡುತ್ತೇವೆ. ನನಗೆ ಹೋದ ಜೀವ ಬಂತು. ಮುಖವೆಂದರೆ ಎಲ್ಲಿ ಹೋಗುತ್ತದೆ? ಕತ್ತಿನ ಮೇಲೇ ಇದೆ. ಇಟ್ಟೆ. ತಿರುಗಿದೆ. ಮಿಟುಕಿಸಿದೆ.

'ಹೊಂದಿಕೆಯಾಗುತ್ತಿಲ್ಲ.'

"ಮುಖ ತೊಳ್ಕೊಂಡು ಬಾ, ಗುರುತು ಸಿಗುತ್ತೆ," ಎಂದರು ಅತ್ತೆ. ತೊಳೆದುಕೊಂಡು ಬಂದೆ. ಹೊಂದಿಕೆಯಾಗಲಿಲ್ಲ. ಗೋಡೆಯ ಬಣ್ಣ ಸರಿಯಿಲ್ಲವೇನೋ ಎಂದು ಅತ್ತೆಯ ಕೈಗೆ ಬಿಳಿ ಹೊದಿಕೆ ಕೊಟ್ಟು ನನ್ನ ಬೆನ್ನ ಹಿಂದೆ ನಿಲ್ಲಿಸಿದೆವು. ಗಂಡ ಅಂಗಡಿಯಿಂದ ಬೀಗದೊಳಗೆ ಇಣುಕುವ ಟಾರ್ಚ್ ತಂದು ನನ್ನ ಗಲ್ಲದ ಕೆಳಗೆ ಹಿಡಿದರು. ಹೊಂದಿಕೆಯಾಗಲಿಲ್ಲ. ಪಕ್ಕಕ್ಕೆ ಹಿಡಿದರು. ಇಲ್ಲ. ಕಪಾಟಿನ ಕನ್ನಡಿ ಕಳಚಿ ತಂದು ಕಿಟಕಿಯ ಬಿಸಿಲನ್ನು ನನ್ನ ಮುಖಕ್ಕೆ ತಿರುಗಿಸಿದರು. ಬಿಸಿಲು ನನ್ನ ಕಣ್ಣಿಗೆ ಹೊಡೆದು, ನಾನು ತಟ್ಟನೆ ಹಿಂದೆ ಸರಿದು, ಅತ್ತೆಯ ಕಾಲು ತುಳಿದು, ಅತ್ತೆ ಹೊದಿಕೆಯ ಸಮೇತ ದಿವಾನದ ಮೇಲೆ ಕೂತುಬಿಟ್ಟರು. ಹೊದಿಕೆಯ ಒಳಗಿನಿಂದ ಅವರ ದನಿ ಬಂತು.

"ಮದುವೆ ಮಾತುಕತೆಗೆ ಬಂದಾಗಲೂ ಇಷ್ಟು ಜನ ಸೇರಿ ನಿನ್ನ ಮುಖ ನೋಡಿರಲಿಲ್ಲ."

ಅಷ್ಟರಲ್ಲಿ ಪ್ರಾಂಶುಪಾಲರ ಫೋನು ಬಂತು. "ಮೇಡಂ, ಪರದೆ ಕಟ್ಟಿದ್ದೀವಿ. ಇನ್ನೂರು ಕುರ್ಚಿ ಹಾಕಿಸಿದ್ದೀನಿ. ಖಾತೆ ರೆಡಿ ತಾನೇ?"

"ಒಳಗೆ ಹೋಗ್ತಾ ಇದ್ದೀನಿ ಸರ್," ಎಂದೆ. ಸುಳ್ಳಲ್ಲ. ಬೆಳಗಿನಿಂದ ಹೋಗುತ್ತಲೇ ಇದ್ದೆ.

ಗಂಟೆ ಹನ್ನೆರಡೂವರೆ. ತಂಗಿ ಎದ್ದು ಬಂದಳು. "ಕೊಡು ಇಲ್ಲಿ. ನೀನು ಗಲ್ಲ ಎತ್ತಿ ಹಿಡೀತಿದ್ದೀಯ. ಅಂಗಡೀಲಿ ಎಲ್ಲರೂ ಮಾಡೋ ತಪ್ಪೇ ಇದು. ಹಿಂಗೆ, ನೇರವಾಗಿ. ಕಣ್ಣಿನ ಮಟ್ಟಕ್ಕೆ. ನೋಡು," ಎಂದು ಫೋನನ್ನು ತನ್ನ ಮುಖದ ಮುಂದೆ ಹಿಡಿದು ಎಡಕ್ಕೆ ತಿರುಗಿದಳು, ಬಲಕ್ಕೆ ತಿರುಗಿದಳು, ಕಣ್ಣು ಮಿಟುಕಿಸಿದಳು.

ಫೋನು ಟಿಂಗ್ ಎಂದಿತು. ಹಸಿರು ಗುರುತು ಮೂಡಿತು. 'ಮರಳಿ ಸ್ವಾಗತ, ಒಳಗಿನವಳು.'

ಗಂಡ ಟಾರ್ಚ್ ಆರಿಸಿದರು.

"ಸದ್ಯ, ತೆಗೀತಲ್ಲ," ಎಂದು ಅತ್ತೆ ಹೊದಿಕೆ ಮಡಿಸತೊಡಗಿದರು. ಆದರೆ ತಂಗಿ ಫೋನು ಕೊಡಲಿಲ್ಲ. ನನ್ನ ಫೋಟೋಗಳನ್ನು ಒಂದೊಂದಾಗಿ ಬೆರಳಿಂದ ಸರಿಸುತ್ತಾ ಹೋದಳು. ಅವಳು ಕೆಲಸದಲ್ಲಿರುವಾಗ ಹೀಗೇ ಇರುತ್ತಾಳೆ: ತುಟಿ ಬಿಗಿಹಿಡಿದು, ತಲೆ ತುಸು ಓರೆ ಮಾಡಿ.

"ಅಕ್ಕ."

"ಬೆಳಕಿಗೋಸ್ಕರ ಸ್ವಲ್ಪ ತಿದ್ದಿದ್ದೆ ಅಷ್ಟೇ."

"ಇದು ನನ್ನ ಮೂಗು."

"ಮೂಗಲ್ಲೇನಿದೆ, ಅಕ್ಕತಂಗಿಯರು ಅಂದ್ಮೇಲೆ…"

"ದಿನಕ್ಕೆ ನಲವತ್ತು ಮೂಗು ನೋಡ್ತೀನಿ ಅಕ್ಕ. ಇದು ನಂದು."

ಮೊದಲ ವರ್ಷ ಬೆಳಕನ್ನು ಮಾತ್ರ ತಿದ್ದಿದ್ದು ನಿಜ. ಎರಡನೆಯ ವರ್ಷ ಕಣ್ಣಿನ ಕೆಳಗಿನ ಕಪ್ಪು. ಆಮೇಲೆ ಫೋಟೋ ತಿದ್ದುವ ಆ್ಯಪ್‌ನಲ್ಲಿ ಒಂದು ಗೆರೆ ಸಿಕ್ಕಿತು. ಬೆರಳಿಂದ ಎಳೆದರೆ ಮೂಗು ಒಂದು ಕೂದಲೆಳೆಯಷ್ಟು ಸಣ್ಣದಾಗುತ್ತದೆ. ಕೂದಲೆಳೆ ತಾನೇ, ಎಂದುಕೊಂಡು ಪ್ರತಿ ವಾರ ಒಂದೊಂದು ಕೂದಲೆಳೆ ಎಳೆದೆ. ಎಲ್ಲಿಗೆ ಹೋಗುತ್ತಿದ್ದೇನೆಂದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಚಿಕ್ಕಂದಿನಿಂದ ಮನೆಗೆ ಬಂದವರೆಲ್ಲ ನನ್ನನ್ನು ದಾಟಿ ಅವಳ ಕೆನ್ನೆ ಹಿಂಡುತ್ತಿದ್ದರು; ನಾನು ಓದುವವಳು, ಅವಳು ನೋಡುವಂಥವಳು ಎಂದು ಹಂಚಿಕೆಯಾಗಿತ್ತು. ಅದನ್ನೆಲ್ಲ ಮರೆತು ದೊಡ್ಡವಳಾಗಿದ್ದೇನೆಂದು ನಂಬಿದ್ದೆ. ಮನಸ್ಸು ಮರೆತಿತ್ತೇನೋ. ಬೆರಳು ಮರೆತಿರಲಿಲ್ಲ.

"ಕೋಪ ಬಂತಾ?" ಎಂದೆ.

ಅವಳು ಫೋನನ್ನು ನನ್ನ ಕೈಗಿಟ್ಟಳು. "ಕೋಪ ಅಲ್ಲ. ನಿಂದು ಅಪ್ಪನ ಮೂಗು. ಅಪ್ಪ ಹೋದ್ಮೇಲೆ ಅದು ಇರೋದು ನಿನ್ನ ಮುಖದಲ್ಲಿ ಒಂದೇ. ನಾನು ಹದಿನೈದು ದಿನಕ್ಕೊಮ್ಮೆ ಬರೋದು ನಿನ್ನ ಕಾಫಿ ಕುಡಿಯೋಕೆ ಅಂದ್ಕೊಂಡಿದ್ಯಾ? ನೀನು ಮಾಡೋ ಕಾಫಿ ಯಾರು ಕುಡೀತಾರೆ?"

ಅತ್ತೆ ಹೊದಿಕೆಯನ್ನು ಮೂರನೆಯ ಸಲ ಮಡಿಸಿದರು. ಗಂಡ ಕನ್ನಡಿಯನ್ನು ಕಪಾಟಿಗೆ ಸಿಕ್ಕಿಸಲು ಹೋಗಿ, ಸಿಕ್ಕಿಸದೆ, ಗೋಡೆಗೆ ತಿರುಗಿಸಿ ಇಟ್ಟರು.

ಅಳುವುದಕ್ಕೆ ಪುರುಸೊತ್ತಿರಲಿಲ್ಲ. ಪರದೆಯ ಮೇಲೆ ಇನ್ನೊಂದು ಸೂಚನೆ ಬಂದಿತ್ತು: ಮುಂದಿನ ಇಪ್ಪತ್ತನಾಲ್ಕು ಗಂಟೆ, ನಿಮ್ಮ ಸುರಕ್ಷತೆಗಾಗಿ, ಯಾವಾಗ ಬೇಕಾದರೂ ಮತ್ತೊಮ್ಮೆ ಮುಖ ತೋರಿಸಲು ಕೇಳಬಹುದು.

ತಂಗಿ ಓದಿದಳು. ನಾನು ಅವಳನ್ನು ನೋಡಿದೆ.

"ಇಲ್ಲ ಅಕ್ಕ. ನನಗೆ ಒಂದೇ ಗಂಟೆ ರಜೆ ಕೊಟ್ಟಿರೋದು."

"ನನ್ನ ಹನ್ನೊಂದು ಮಕ್ಕಳು."

"ನಾನು ನಿನ್ನ ಪಕ್ಕದಲ್ಲಿ ಕೂರಲ್ಲ."

"ಬೇಡ. ಎಲ್ಲಾದ್ರೂ ಕೂರು."

"ಕೊನೇ ಸಾಲು. ಬ್ಯಾಗ್ ತೊಡೆ ಮೇಲೆ ಇಟ್ಕೊಂಡಿರ್ತೀನಿ. ಯಾರಾದ್ರೂ ನೋಡಿದ್ರೆ ಬ್ಯಾಗ್ ಎತ್ಕೋತೀನಿ."

ಹೀಗೆ, ಮುಖ ಒಂದು ಕಡೆ, ಮಾತು ಒಂದು ಕಡೆಯಾಗಿ ನಾವಿಬ್ಬರೂ ಎರಡಕ್ಕೆ ಐದು ನಿಮಿಷವಿರುವಾಗ ಸಭಾಂಗಣ ತಲುಪಿದೆವು. ಇನ್ನೂರು ಕುರ್ಚಿಗಳೂ ತುಂಬಿದ್ದವು. ವೇದಿಕೆಯ ಹಿಂದೆ ಬಾಗಿಲಿನಷ್ಟೆತ್ತರದ ಪರದೆ. ನನ್ನ ಫೋನನ್ನು ಸ್ಟ್ಯಾಂಡೊಂದಕ್ಕೆ ಸಿಕ್ಕಿಸಿ, ಅದರಲ್ಲಿ ಕಂಡದ್ದೆಲ್ಲ ಪರದೆಯ ಮೇಲೆ ಬರುವಂತೆ ಮಾಡಿದ್ದರು. ಪ್ರಾಂಶುಪಾಲರು ಮೈಕಿನ ಮುಂದೆ ಗಂಟಲು ಸರಿಪಡಿಸಿಕೊಂಡು, "ಒಳಗೂ ಹೊರಗೂ ಒಂದೇ ಆಗಿರುವ ನಮ್ಮ ಮೇಡಂ," ಎಂದು ಪರಿಚಯಿಸಿದರು. ಕೊನೆಯ ಸಾಲಿನಲ್ಲಿ ಒಂದು ಬ್ಯಾಗು ತುಸು ಮೇಲೇರಿತು.

ನೇರ ಪ್ರಸಾರ ಶುರುವಾಯಿತು. ನಾನು ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆನೆಂದು ಕಾಣುತ್ತದೆ, ಏಕೆಂದರೆ ನಾಲ್ಕು ನಿಮಿಷ ಯಾರೂ ಕೆಮ್ಮಲಿಲ್ಲ. ನೋಡುತ್ತಿರುವವರ ಸಂಖ್ಯೆ ಪರದೆಯ ಮೂಲೆಯಲ್ಲಿ ಏರುತ್ತಾ ಎಂಟುನೂರು ದಾಟಿತು. ಪ್ರಾಂಶುಪಾಲರು ಆ ಸಂಖ್ಯೆಯನ್ನು ನೋಡಿ ತಲೆದೂಗುತ್ತಿದ್ದರು. "ಆನ್‌ಲೈನಿನಲ್ಲಿರುವ ನಾನು ಬೇರೆ, ಇಲ್ಲಿರುವ ನಾನು ಬೇರೆ ಎಂದುಕೊಂಡರೆ," ಎಂದು ನಾನು ದನಿ ಏರಿಸುವ ಹೊತ್ತಿಗೆ ಸಭೆಯ ಕಣ್ಣುಗಳೆಲ್ಲ ನನ್ನ ಹಿಂದಕ್ಕೆ ಹೋದವು. ತಿರುಗಿ ನೋಡಿದೆ.

'ಇದು ನೀವೇ ಎಂದು ಖಚಿತಪಡಿಸಿ. ಅರವತ್ತು ಸೆಕೆಂಡುಗಳಲ್ಲಿ ಪ್ರಸಾರ ನಿಲ್ಲುತ್ತದೆ.'

ವೃತ್ತದೊಳಗೆ ನನ್ನ ಮುಖ. ಅಷ್ಟು ದೊಡ್ಡದಾಗಿ ಅದನ್ನು ನಾನೇ ನೋಡಿರಲಿಲ್ಲ. ಕಣ್ಣಿನ ಕೆಳಗೆ ಕಪ್ಪು. ನಡುವೆ, ಯಾವ ಅಂಜಿಕೆಯೂ ಇಲ್ಲದೆ, ಅಪ್ಪನ ಮೂಗು. ಅದರ ಕೆಳಗೆ ಕೆಂಪಕ್ಷರ: 'ಹೊಂದಿಕೆಯಾಗುತ್ತಿಲ್ಲ.'

"ಬೆಳಕು ಸಾಲ್ತಿಲ್ಲ, ಬೆಳಕು," ಎಂದು ಪ್ರಾಂಶುಪಾಲರು ತಾವೇ ಓಡಿ ಎಲ್ಲ ದೀಪಗಳನ್ನೂ ಹಾಕಿಸಿದರು. ಈಗ ಕೆಂಪಕ್ಷರ ಇನ್ನೂ ಸ್ಪಷ್ಟವಾಗಿ ಕಾಣಿಸಿತು.

ಮುಂದಿನ ಸಾಲಿನಿಂದ ಒಂದು ದನಿ: "ಸರ್, ಮೇಡಂ ಮೇಡಂ ಅಲ್ವಂತೆ."

ಸಭಾಂಗಣ ನಕ್ಕಿತು. ಒಂದು ಅಲೆ ಹೋಯಿತು, ಇನ್ನೊಂದು ಬಂತು. ನಲವತ್ತು ಸೆಕೆಂಡು. ಕಿಟಕಿಯ ಜಾಗಕ್ಕಾಗಿ ಬಂದ ನನ್ನ ಹುಡುಗ ಒಬ್ಬನೇ ನಗದೆ, ಮುಂದಕ್ಕೆ ಬಾಗಿ ಕೂತಿದ್ದ, ಮುಂದೇನಾಗುತ್ತದೆಂದು ನಿಜವಾಗಿಯೂ ತಿಳಿಯಬೇಕಾದವನ ಹಾಗೆ. ಪ್ರಾಂಶುಪಾಲರು ನನ್ನ ಬಳಿ ಬಂದು ಮೆಲ್ಲಗೆ ಕೇಳಿದರು, "ಮೇಡಂ, ಖಾತೆ ನಿಮ್ಮದೇ ತಾನೇ?"

ಮೂವತ್ತು. ಸ್ಟ್ಯಾಂಡಿನಿಂದ ಫೋನನ್ನು ಕಿತ್ತುಕೊಂಡೆ.

"ಖಾತೆ ನಂದೇ ಸರ್," ಎಂದೆ. ಮೈಕು ಇನ್ನೊಂದು ಕೈಯಲ್ಲೇ ಇದ್ದುದರಿಂದ ಅದು ಇನ್ನೂರು ಜನಕ್ಕೂ, ಹೊರಗಿನ ಎಂಟುನೂರು ಜನಕ್ಕೂ ಕೇಳಿಸಿತು. "ಆರು ವರ್ಷದಿಂದ ಬರೆದಿದ್ದೆಲ್ಲ ನಾನೇ. ಮುಖವಾಡ ತೆಗೀರಿ ಅಂತ ಬರೆದಿದ್ದೂ ನಾನೇ, ಹಾಕ್ಕೊಂಡಿದ್ದೂ ನಾನೇ. ಅದರಲ್ಲಿ ನಂದಲ್ಲದೇ ಇರೋದು ಮೂಗು ಒಂದೇ." ನಗು ನಿಂತಿತು. ನಾನು ವೇದಿಕೆಯ ಮೆಟ್ಟಿಲಿಳಿಯತೊಡಗಿದ್ದೆ. ಮೈಕಿನ ವೈರು ಹಿಂದಕ್ಕೆ ಎಳೆಯಿತು, ಅದನ್ನು ಪ್ರಾಂಶುಪಾಲರ ಕೈಗೆ ಕೊಟ್ಟು, ಕುರ್ಚಿಗಳ ನಡುವಿನ ದಾರಿಯಲ್ಲಿ ಬೇಗ ಬೇಗ ನಡೆಯುತ್ತಾ, ಎರಡೂ ಕಡೆ ತಿರುಗುತ್ತಿದ್ದ ತಲೆಗಳಿಗೆ ಗಟ್ಟಿಯಾಗಿ ಹೇಳಿದೆ, "ಆ ಮೂಗು ಯಾರದ್ದು ಅಂತ ಈಗಲೇ ತೋರಿಸ್ತೀನಿ, ಇನ್ನೂ ಇಪ್ಪತ್ತು ಸೆಕೆಂಡಿದೆ, ಸ್ವಲ್ಪ ದಾರಿ ಬಿಡಿ, ಅವಳು ಅಲ್ಲೇ ಕೊನೇ ಸಾಲಲ್ಲಿ, ಆ ಬ್ಯಾಗಿನ ಹಿಂದೆ ಕೂತಿದ್ದಾಳೆ, ನನ್ನ ತಂಗಿ!"